ನಾಲ್ಕನೇ ಜ್ವರದ ಹೊತ್ತಿಗೆ ಮನೆಮಂದಿಗೆಲ್ಲ ಫ್ಲೂ ಬಂದರೆ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾವು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯವರು. ರೇಷ್ಮೆ ಮಾಡುತ್ತೇವೆ. ಪ್ರತಿ ವರ್ಷ ಮಳೆಗಾಲ ಬಂತೆಂದರೆ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಜ್ವರ, ನೆಗಡಿ, ಕೆಮ್ಮು. ಹೋದ ವಾರ ನಮ್ಮ ಯಜಮಾನರಿಗೆ ಶುರುವಾಯಿತು. ಹುಳು ನಾಲ್ಕನೇ ಜ್ವರ ಎದ್ದಿತ್ತು (ನಾಲ್ಕನೇ ಸಲ ಪೊರೆ ಬಿಟ್ಟು ಸೊಪ್ಪಿಗೆ ಕಾಯುತ್ತಿತ್ತು), ಮಲಗುವ ಹಾಗಿರಲಿಲ್ಲ. ಸೂಜಿ ಹಾಕಿಸಿಕೊಂಡು ಬಂದು ಸೊಪ್ಪು ಕೊಯ್ಯಲು ಹೋದರು. ಈಗ 4 ವರ್ಷದ ಮಗನಿಗೆ ಬಂದಿದೆ. ಅತ್ತೆಗೆ 67 ವರ್ಷ, ಸಕ್ಕರೆ ಕಾಯಿಲೆ ಇದೆ. ನನಗೆ ಈಗ ಐದು ತಿಂಗಳು. ಆಂಟಿಬಯಾಟಿಕ್ ತಗೊಂಡರೆ ಬೇಗ ಹೋಗುತ್ತಾ? ಫ್ಲೂಗೆ ಲಸಿಕೆ ಇದೆಯಂತೆ, ಬಸುರಿಯರು ಹಾಕಿಸಿಕೊಳ್ಳಬಹುದಾ? ನಮ್ಮ ಜ್ವರ ಹುಳಕ್ಕೂ ತಗಲುತ್ತೇನೋ ಅಂತ ಅತ್ತೆಗೆ ಭಯ.

ಉತ್ತರ: ಅಮ್ಮ, ಮೊದಲು ಒಂದು ಮಾತು. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ. ನಿಮಗಾಗಲಿ, ನಿಮ್ಮ ಅತ್ತೆಯವರಿಗಾಗಲಿ ಜ್ವರ, ಮೈಕೈ ನೋವು, ಕೆಮ್ಮು ಶುರುವಾದರೆ ‘ನಾಳೆ ನೋಡೋಣ’ ಅನ್ನಬೇಡಿ. ಅದೇ ದಿನ ಡಾಕ್ಟರ ಹತ್ತಿರ ಹೋಗಿ. ತಾಯಿ ಕಾರ್ಡ್ ಜೊತೆಯಲ್ಲಿರಲಿ. ‘ಮನೆಯಲ್ಲಿ ಇಬ್ಬರಿಗೆ ಫ್ಲೂ ಥರ ಜ್ವರ ಆಗಿದೆ, ನನಗೆ ಐದು ತಿಂಗಳು’ ಅಂತ ಬಾಯಿಬಿಟ್ಟು ಹೇಳಿ.

ಯಾಕೆ ಇಷ್ಟು ಅವಸರ ಅಂದರೆ, ಫ್ಲೂಗೆ ಒಸೆಲ್ಟಾಮಿವಿರ್ ಅನ್ನುವ ಔಷಧ ಇದೆ. ಮೈಯಲ್ಲಿ ವೈರಸ್ ಹೆಚ್ಚುತ್ತಾ ಹೋಗುವುದನ್ನು ಅದು ತಡೆಯುತ್ತದೆ. ಜ್ವರ ಶುರುವಾದ 48 ಗಂಟೆಯೊಳಗೆ ತೆಗೆದುಕೊಂಡರೆ ಅದರ ಪ್ರಯೋಜನ ಜಾಸ್ತಿ. ದೊಡ್ಡವರಿಗೆ ಸಾಮಾನ್ಯವಾಗಿ 75 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 5 ದಿನ. ಬಸುರಿಯರಿಗೂ ಇದನ್ನು ಕೊಡುತ್ತಾರೆ, ಹೆದರಬೇಕಾಗಿಲ್ಲ. ಅತ್ತೆಯವರಿಗೆ ಸಕ್ಕರೆ ಕಾಯಿಲೆಯಿಂದ ಕಿಡ್ನಿಗೆ ಏನಾದರೂ ತೊಂದರೆ ಆಗಿದ್ದರೆ ಡೋಸ್ ಕಡಿಮೆ ಮಾಡಬೇಕಾಗುತ್ತದೆ. ಅದಕ್ಕೇ ಅವರ ಹಳೆಯ ರಿಪೋರ್ಟ್ ಚೀಲದಲ್ಲಿಟ್ಟುಕೊಂಡು ಹೋಗಿ. ಇದು ಡಾಕ್ಟರ ಚೀಟಿ ಇಲ್ಲದೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಔಷಧ ಅಲ್ಲ. ಎಲ್ಲರಿಗೂ ಬೇಕಾಗುವುದೂ ಇಲ್ಲ. ಗಟ್ಟಿಮುಟ್ಟಾದ ಹರೆಯದವರಿಗೆ ಫ್ಲೂ ತಾನಾಗಿಯೇ ಹೋಗುತ್ತದೆ. ಆದರೆ ಬಸುರಿಯರು, 65 ದಾಟಿದವರು, 5 ವರ್ಷದೊಳಗಿನ ಮಕ್ಕಳು, ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು, ಇವರ ಲೆಕ್ಕ ಬೇರೆ. ನಿಮ್ಮ ಒಂದೇ ಮನೆಯಲ್ಲಿ ಇಂಥವರು ಮೂರು ಜನ ಇದ್ದೀರಿ. ಪತ್ರ ಓದಿದಾಗ ನನಗೆ ಕಳವಳ ಆದದ್ದು ಅದಕ್ಕೇ.

ಈಗ ಮಗನ ವಿಷಯ. ಅವನನ್ನು ಒಂದು ಸಲ ಮಕ್ಕಳ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ನೀವು ನೋಡಬೇಕಾದದ್ದು ಥರ್ಮಾಮೀಟರಿಗಿಂತ ಹೆಚ್ಚಾಗಿ ಅವನ ಉಸಿರು. ಅವನು ನಿದ್ದೆಯಲ್ಲಿರುವಾಗ ಅಂಗಿ ಮೇಲೆತ್ತಿ. ಹೊಟ್ಟೆ ಒಂದು ಸಲ ಉಬ್ಬಿ ಇಳಿದರೆ ಅದು ಒಂದು ಉಸಿರು. ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ವೇಗದ ಉಸಿರು. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ 50. ಎಣಿಸುವಾಗ ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಾ ಇದೆಯಾ ಅಂತಲೂ ನೋಡಿ. ಹಾಗಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೊರಡಿ. ಮಗು ನೀರು, ಹಾಲು ಏನೂ ಬೇಡ ಅನ್ನುವುದು, ಮಂಕಾಗಿ ಬಿದ್ದುಕೊಳ್ಳುವುದು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ತುಟಿ ಉಗುರು ನೀಲಿಯಾಗುವುದು, ಫಿಟ್ಸ್ ಬರುವುದು, ಇವಕ್ಕೂ ಅಷ್ಟೇ. 108ಕ್ಕೆ ಫೋನ್ ಮಾಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಇಲ್ಲಿ ಒಂದು ತಪ್ಪನ್ನು ನಾನು ಪ್ರತಿ ಮಳೆಗಾಲದಲ್ಲೂ ನೋಡುತ್ತೇನೆ. ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ ಎರಡು ಥರ ಬರುತ್ತದೆ. ಒಂದರಲ್ಲಿ 5 ಎಂ.ಎಲ್.ಗೆ 120 ಮಿಲಿಗ್ರಾಂ ಇರುತ್ತದೆ, ಇನ್ನೊಂದರಲ್ಲಿ 250. ಬಾಟಲಿ ನೋಡಲು ಒಂದೇ ಥರ. ಹೋದ ಸಲ ‘ಒಂದೂವರೆ ಮುಚ್ಚಳ’ ಕೊಟ್ಟಿದ್ದೆವು ಅಂತ ಈ ಸಲವೂ ಅಷ್ಟೇ ಕೊಟ್ಟರೆ ಡೋಸ್ ಎರಡರಷ್ಟಾಗಿರುತ್ತದೆ. ಲೆಕ್ಕ ತೂಕದ ಮೇಲೆ: ಕೆ.ಜಿ.ಗೆ 10ರಿಂದ 15 ಮಿಲಿಗ್ರಾಂ. ನಿಮ್ಮ ಮಗ 15 ಕೆ.ಜಿ. ಇದ್ದಾನೆ ಅಂದುಕೊಳ್ಳಿ. 120ರ ಸಿರಪ್ ಆದರೆ ಏಳೂವರೆ ಎಂ.ಎಲ್., 250ರದ್ದಾದರೆ ಮೂರೂವರೆ ಎಂ.ಎಲ್. ಎರಡು ಡೋಸಿನ ನಡುವೆ 6 ಗಂಟೆ ಇರಲಿ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಫ್ಲೂ ಇರುವಾಗ ಕೊಟ್ಟರೆ ಅಪರೂಪಕ್ಕೆ ಲಿವರ್ ಮತ್ತು ಮೆದುಳಿಗೆ ಏಟು ಬೀಳುತ್ತದೆ.

ಕೆಮ್ಮಿನ ಸಿರಪ್ ಬೇಡ. 2025ರಲ್ಲಿ ಮಧ್ಯಪ್ರದೇಶದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಎಳೆ ಮಕ್ಕಳು ಸತ್ತದ್ದು ನಿಮಗೆ ನೆನಪಿರಬಹುದು. ಆಗ ಕೇಂದ್ರ ಆರೋಗ್ಯ ಇಲಾಖೆ ಮತ್ತೆ ಹೇಳಿತು, 2 ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಲೇಬಾರದು, 5 ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಅಂತ. ಸಿರಪ್ ಚೆನ್ನಾಗಿಯೇ ಇದ್ದರೂ ಅದರಿಂದ ಸಣ್ಣ ಮಕ್ಕಳ ಕೆಮ್ಮು ಬೇಗ ಹೋಗುವುದಿಲ್ಲ. ಮಲಗುವ ಮುಂಚೆ ಒಂದು ಚಿಕ್ಕ ಚಮಚ ಜೇನುತುಪ್ಪ ಕೊಡಿ, ಒಂದು ವರ್ಷ ದಾಟಿದ ಮಕ್ಕಳಿಗೆ ಅದು ಒಳ್ಳೆಯದು. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ಬೇಡ.

ಇನ್ನು ನಿಮ್ಮ ಯಜಮಾನರ ಸೂಜಿ. ಈ ಮಾತು ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಫ್ಲೂ ವೈರಸ್‌ನಿಂದ ಬರುತ್ತದೆ. ಆಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಹಾಗಾಗಿ ಅಜಿತ್ರೋಮೈಸಿನ್ ಮೂರು ಮಾತ್ರೆ ನುಂಗಿದರೆ ಫ್ಲೂ ಒಂದು ಗಂಟೆ ಮುಂಚೆಯೂ ಹೋಗುವುದಿಲ್ಲ. ‘ನನಗೆ ಮೂರನೇ ದಿನಕ್ಕೇ ಕಡಿಮೆ ಆಯ್ತಲ್ಲಾ’ ಅನ್ನುತ್ತಾರೆ. ಫ್ಲೂ ಜ್ವರ ಇಳಿಯುವುದೇ ಮೂರು ನಾಲ್ಕು ದಿನಕ್ಕೆ, ಅಲ್ವಾ? ಮಾತ್ರೆ ತಗೊಳ್ಳದಿದ್ದರೂ ಇಳಿಯುತ್ತಿತ್ತು. 2023ರ ಮಾರ್ಚ್‌ನಲ್ಲಿ ದೇಶದಲ್ಲೆಲ್ಲ ಎಚ್3ಎನ್2 ಫ್ಲೂ ಹರಡಿದಾಗ ಭಾರತೀಯ ವೈದ್ಯಕೀಯ ಸಂಘವೇ ಡಾಕ್ಟರುಗಳಿಗೆ ಹೇಳಿತ್ತು, ಇಂಥ ಜ್ವರಕ್ಕೆ ಆಂಟಿಬಯಾಟಿಕ್ ಬರೆಯಬೇಡಿ, ಜ್ವರ ನೋವಿಗೆ ಮಾತ್ರ ಔಷಧ ಕೊಡಿ ಅಂತ. ಸುಮ್ನೆ ನುಂಗುತ್ತಾ ಹೋದರೆ ಮುಂದೆ ನಿಜವಾಗಿ ನ್ಯುಮೋನಿಯಾ ಆದಾಗ ಅದೇ ಔಷಧ ಕೆಲಸ ಮಾಡುವುದಿಲ್ಲ.

ಸೂಜಿಯ ಕಥೆ ಇನ್ನೂ ಕಷ್ಟದ್ದು. ಹಾಕಿದ್ದು ಏನು ಅಂತ ಚೀಟಿಯಲ್ಲಿ ಬರೆದಿರುವುದಿಲ್ಲ. ಕೆಲವು ಕಡೆ ಡೈಕ್ಲೋಫಿನಾಕ್ ಅನ್ನುವ ನೋವಿನ ಔಷಧ ಹಾಕುತ್ತಾರೆ, ಕೆಲವು ಕಡೆ ಅದರ ಜೊತೆಗೆ ಸ್ಟೀರಾಯ್ಡ್. ಸ್ಟೀರಾಯ್ಡ್ ಬಿದ್ದ ಎರಡು ಗಂಟೆಗೆ ಮೈ ಹಗುರ ಆಗುತ್ತದೆ, ಹಸಿವಾಗುತ್ತದೆ, ‘ಆ ಡಾಕ್ಟರ ಕೈಗುಣ’ ಅಂತ ಜನ ಹೊಗಳುತ್ತಾರೆ. ಆದರೆ ಮೈ ವೈರಸ್ ಜೊತೆ ಹೋರಾಡುವ ಶಕ್ತಿಯನ್ನೇ ಅದು ತಗ್ಗಿಸುತ್ತದೆ. ಸಕ್ಕರೆಯನ್ನು ಏರಿಸುತ್ತದೆ. ಕೆಲವು ವರ್ಷದ ಹಿಂದೆ ಟೊಮ್ಯಾಟೊ ಮಂಡಿಯಲ್ಲಿ ಕ್ರೇಟು ಹೊರುವ ಒಬ್ಬರನ್ನು ಮನೆಯವರು ನನ್ನ ಹತ್ತಿರ ಕರೆತಂದರು. ಫ್ಲೂ ಬಂದ ಎರಡನೇ ದಿನ ಎಲ್ಲೋ ಎರಡು ಸೂಜಿ ಹಾಕಿಸಿಕೊಂಡಿದ್ದರು. ಮೂರು ದಿನ ಆರಾಮಾಗಿ ಕೆಲಸಕ್ಕೂ ಹೋಗಿದ್ದರು. ಐದನೇ ದಿನ ಮತ್ತೆ ಚಳಿ ಜ್ವರ. ನನ್ನ ಮುಂದೆ ಕೂತಾಗ ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ಎಳೆದುಕೊಳ್ಳುತ್ತಿದ್ದರು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 480. ಅವರಿಗೆ ಸಕ್ಕರೆ ಕಾಯಿಲೆ ಇರುವುದೇ ಅವತ್ತಿನ ತನಕ ಗೊತ್ತಿರಲಿಲ್ಲ. ಬಲಗಡೆ ಶ್ವಾಸಕೋಶದಲ್ಲಿ ನ್ಯುಮೋನಿಯಾ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಉಳಿದುಕೊಂಡರು. ಅವರ ಹೆಂಡತಿ ಕೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ: ‘ಚೆನ್ನಾಗಿ ಆಗಿಬಿಟ್ಟಿದ್ದರಲ್ಲಾ ಸಾರ್, ಮಧ್ಯೆ?’

ಆ ‘ಮಧ್ಯೆ ಚೆನ್ನಾಗಿ ಆಗಿ ಮತ್ತೆ ಕೆಡುವುದು’ ಇದೆಯಲ್ಲ, ಅದನ್ನು ನೆನಪಿಡಿ. ಸೂಜಿ ಹಾಕಿಸಿರಲಿ ಬಿಡಲಿ, ಫ್ಲೂ ಇಳಿದು ಒಂದೆರಡು ದಿನ ಆದ ಮೇಲೆ ಮತ್ತೆ ಜ್ವರ ಏರಿ ಕೆಮ್ಮು ಜಾಸ್ತಿ ಆದರೆ ಅದು ಫ್ಲೂ ಹಿಂದೆ ಬಂದ ನ್ಯುಮೋನಿಯಾ ಇರಬಹುದು. ಆಗ ಆಂಟಿಬಯಾಟಿಕ್ ಬೇಕು, ಡಾಕ್ಟರು ಎದೆ ಪರೀಕ್ಷೆ ಮಾಡಿ ಕೊಡಬೇಕು. ನಿಮ್ಮ ಯಜಮಾನರು ಈಗ ಹೇಗಿದ್ದಾರೆ ಅಂತ ನೀವು ಬರೆದಿಲ್ಲ. ಬರೀ ಕೆಮ್ಮು, ಸುಸ್ತು ಉಳಿದಿದ್ದರೆ ಚಿಂತೆ ಬೇಡ. ಫ್ಲೂ ಕೆಮ್ಮು ಎರಡು ವಾರ, ಕೆಲವರಿಗೆ ಇನ್ನೂ ಸ್ವಲ್ಪ ದಿನ ಉಳಿಯುತ್ತದೆ. ಎದೆ ನೋವು, ಏದುಸಿರು, ಕಫದಲ್ಲಿ ರಕ್ತ, ಮತ್ತೆ ಜ್ವರ ಇದ್ದರೆ ಇವತ್ತೇ ಹೊರಡಿ. ಕೋವಿಡ್ ಸಮಯದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿ ಎಲ್ಲೋ ಬಿದ್ದಿರುತ್ತದೆ. ಹೊಸ ಸೆಲ್ ಹಾಕಿ. ಬೆರಳು ಬೆಚ್ಚಗೆ ಮಾಡಿಕೊಂಡು ನೋಡಿ. 94ಕ್ಕಿಂತ ಕೆಳಗೆ ನಿಂತರೆ ಆಸ್ಪತ್ರೆ.

ಡೈಕ್ಲೋಫಿನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಬೇಡ ಅನ್ನಲು ಒಂದು ಕಾರಣ ಇದೆ. ನಮ್ಮ ಕಡೆ ಮಳೆಗಾಲದಲ್ಲಿ ಫ್ಲೂ ಬರುವ ತಿಂಗಳುಗಳಲ್ಲೇ ಡೆಂಗಿಯೂ ಬರುತ್ತದೆ. ಮೊದಲ ದಿನ ಎರಡೂ ಒಂದೇ ಥರ ಕಾಣುತ್ತವೆ. ಡೆಂಗಿಯಲ್ಲಿ ಈ ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚಬಹುದು. ಸಾಮಾನ್ಯವಾಗಿ ಫ್ಲೂನಲ್ಲಿ ಕೆಮ್ಮು, ಗಂಟಲು ನೋವು, ಮೂಗು ಸೋರುವುದು ಇರುತ್ತದೆ. ಡೆಂಗಿಯಲ್ಲಿ ಅವು ಕಡಿಮೆ. ಕಣ್ಣಿನ ಹಿಂದೆ ನೋವು, ಮೈಮೇಲೆ ಕೆಂಪು ಗಂಧೆ, ಹೊಟ್ಟೆ ನೋವು, ವಾಂತಿ ಹೆಚ್ಚು. ಅನುಮಾನ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಫ್ಲೂಗೆ ಮಾತ್ರ ಎಲ್ಲರಿಗೂ ಪರೀಕ್ಷೆ ಬೇಕಾಗಿಲ್ಲ. ಲಕ್ಷಣ ನೋಡಿಯೇ ಚಿಕಿತ್ಸೆ ಶುರು ಮಾಡಬಹುದು. ಆಸ್ಪತ್ರೆ ಸೇರುವಷ್ಟು ಜೋರಾದವರಿಗೆ ಗಂಟಲ ದ್ರವ ತೆಗೆದು ನೋಡುತ್ತಾರೆ.

ನಿಮ್ಮ ಪತ್ರದಲ್ಲಿ ‘ಹುಳು ನಾಲ್ಕನೇ ಜ್ವರ ಎದ್ದಿತ್ತು’ ಅನ್ನುವ ಸಾಲಿನ ಮೇಲೆ ನಾನು ತುಂಬ ಹೊತ್ತು ಯೋಚಿಸಿದೆ. ರೇಷ್ಮೆ ಗೊತ್ತಿಲ್ಲದ ಓದುಗರಿಗೆ ಹೇಳುತ್ತೇನೆ: ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನೇ ನಮ್ಮ ರೈತರು ಜ್ವರ ಅನ್ನುತ್ತಾರೆ. ಜ್ವರಕ್ಕೆ ಹೋದ ಹುಳು ತಲೆ ಎತ್ತಿಕೊಂಡು ಅಲುಗಾಡದೆ ನಿಲ್ಲುತ್ತದೆ. ಆಗ ಸೊಪ್ಪು ಹಾಕುವುದಿಲ್ಲ. ಮುಟ್ಟುವುದಿಲ್ಲ. ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸುತ್ತಾರೆ. ಗಾಳಿ ಆಡಲು ಬಿಡುತ್ತಾರೆ. ಎಲ್ಲ ಹುಳುವೂ ಎದ್ದ ಮೇಲೆ ಮಾತ್ರ ಸೊಪ್ಪು. ನಾಲ್ಕನೇ ಜ್ವರ ಎದ್ದ ಮೇಲೆ ಸುಮಾರು ಒಂದು ವಾರ ಹುಳು ಎಡೆಬಿಡದೆ ತಿನ್ನುತ್ತದೆ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಆ ಒಂದು ವಾರಕ್ಕೇ ಬೇಕು. ನಿಮ್ಮ ಯಜಮಾನರು ಯಾಕೆ ಮಲಗಲಿಲ್ಲ ಅಂತ ನನಗೆ ಅರ್ಥ ಆಗುತ್ತದೆ. ಸೊಪ್ಪು ತಪ್ಪಿದರೆ ಗೂಡು ಇಲ್ಲ, ಗೂಡು ಇಲ್ಲದಿದ್ದರೆ ಸಾಲ ತೀರುವುದಿಲ್ಲ.

ಆದರೂ ಕೇಳುತ್ತೇನೆ. ಜ್ವರದಲ್ಲಿರುವ ಹುಳವನ್ನು ನೀವು ಮುಟ್ಟುವುದಿಲ್ಲ. ಜ್ವರದಲ್ಲಿರುವ ಮನುಷ್ಯನನ್ನು ಹಿಪ್ಪುನೇರಳೆ ತೋಟಕ್ಕೆ ಕಳಿಸುತ್ತೀರಿ. ಮೊದಲ ಮೂರು ದಿನ ಅವರಿಗೂ ಅದೇ ಬಿಡುವು ಬೇಕು. ಅಕ್ಕಪಕ್ಕದ ಎರಡು ಮೂರು ರೇಷ್ಮೆ ಮನೆಯವರು ಮೊದಲೇ ಮಾತಾಡಿಕೊಳ್ಳಿ. ಯಾರ ಮನೆಯಲ್ಲಿ ಜ್ವರ ಬಂದರೂ ಉಳಿದವರು ಮೂರು ದಿನ ಸೊಪ್ಪು ಕೊಯ್ದು ಕೊಡುವುದು. ಕಳೆ ತೆಗೆಯಲು ಮುಯ್ಯಾಳು ಮಾಡುತ್ತೀರಲ್ಲ, ಇದೂ ಹಾಗೇ. ನನಗೆ ಗೊತ್ತಿರುವ ಒಂದು ಊರಿನಲ್ಲಿ ಹೀಗೆ ಮಾಡುತ್ತಿದ್ದಾರೆ. ಅಲ್ಲಿಂದ ಜ್ವರ ಇಟ್ಟುಕೊಂಡು ದುಡಿದು ಎದೆಗೆ ಇಳಿಸಿಕೊಂಡು ಬರುವವರು ಕಡಿಮೆಯಾಗಿದ್ದಾರೆ.

ಅತ್ತೆಯವರ ಭಯಕ್ಕೆ ಉತ್ತರ: ಮನುಷ್ಯರ ಫ್ಲೂ ರೇಷ್ಮೆ ಹುಳಕ್ಕೆ ತಗಲುವುದಿಲ್ಲ. ಹುಳದ ಹಾಲುತೊಂಡೆ ರೋಗ ನಮಗೆ ತಗಲುವುದಿಲ್ಲ. ನೆಮ್ಮದಿಯಾಗಿರಲು ಹೇಳಿ. ಆದರೆ ಹುಳುಮನೆಯಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಫ್ಲೂ ಚೆನ್ನಾಗಿ ತಗಲುತ್ತದೆ. ಮಳೆಗಾಲದಲ್ಲಿ ಶಾಖ ಹೋಗದಿರಲಿ ಅಂತ ಕಿಟಕಿ ಬಾಗಿಲು ಮುಚ್ಚಿರುತ್ತೀರಿ. ನಾಲ್ಕು ಜನ ಒಂದೇ ತಟ್ಟಿನ ಹತ್ತಿರ ತಲೆ ಬಗ್ಗಿಸಿ ಸೊಪ್ಪು ಹಾಕುತ್ತೀರಿ. ಅಲ್ಲಿ ಒಬ್ಬರು ಕೆಮ್ಮಿದರೆ ಸಾಕು. ಕೆಮ್ಮಿದಾಗ, ಸೀನಿದಾಗ, ಜೋರಾಗಿ ಮಾತಾಡಿದಾಗ ಹಾರುವ ಸಣ್ಣ ಹನಿಗಳಲ್ಲಿ ವೈರಸ್ ಇರುತ್ತದೆ. ತಗಲಿದ ಒಂದರಿಂದ ನಾಲ್ಕು ದಿನದೊಳಗೆ ಜ್ವರ ಕಾಣಿಸುತ್ತದೆ. ಜ್ವರ ಕಾಣಿಸುವ ಒಂದು ದಿನ ಮುಂಚೆಯೇ ಆ ಮನುಷ್ಯ ಬೇರೆಯವರಿಗೆ ಹಂಚಲು ಶುರು ಮಾಡಿರುತ್ತಾನೆ. ಜ್ವರ ಬಂದ ಮೇಲೆ ಐದರಿಂದ ಏಳು ದಿನ ಹಂಚುತ್ತಾನೆ, ಮಕ್ಕಳು ಇನ್ನೂ ಸ್ವಲ್ಪ ಜಾಸ್ತಿ ದಿನ. ನಿಮ್ಮ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಬರುವುದು ಹೀಗೆ.

ಚೊಕ್ಕಟದ ಪಾಠವನ್ನು ರೇಷ್ಮೆ ಮನೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಹುಳುಮನೆಗೆ ಹೋಗುವ ಮುಂಚೆ ಕೈ ತೊಳೆಯುತ್ತೀರಿ. ಹೊರಗಿನ ಚಪ್ಪಲಿ ಒಳಗೆ ತರುವುದಿಲ್ಲ. ಹೊರಗಿನವರನ್ನು ಬಿಡುವುದಿಲ್ಲ. ರೋಗದ ಹುಳ ಕಂಡರೆ ಆರಿಸಿ ಬ್ಲೀಚಿಂಗ್ ಪೌಡರ್ ನೀರಿಗೆ ಹಾಕುತ್ತೀರಿ, ನೆಲಕ್ಕೆ ಎಸೆಯುವುದಿಲ್ಲ. ಇಷ್ಟನ್ನು ಅಡುಗೆಮನೆಗೂ ಪಡಸಾಲೆಗೂ ತನ್ನಿ. ಮೂಗು ಒರೆಸಿದ ಬಟ್ಟೆ ಸೊಂಟಕ್ಕೆ ಸಿಕ್ಕಿಸಿಕೊಂಡು ಅದರಲ್ಲೇ ಮಗನ ಬಾಯಿ ಒರೆಸುವುದು ನಿಲ್ಲಲಿ. ಒರೆಸುವ ಬಟ್ಟೆ ಒಬ್ಬೊಬ್ಬರಿಗೆ ಒಂದೊಂದು, ದಿನಾ ಸೋಪಿನಲ್ಲಿ ಒಗೆದು ಬಿಸಿಲಿಗೆ. ಲೋಟ, ಟವೆಲ್ ಬೇರೆ. ಹೊರಗಿನಿಂದ ಬಂದಾಗ, ಮೂಗು ಮುಟ್ಟಿದಾಗ, ಊಟಕ್ಕೆ ಮುಂಚೆ ಸೋಪಿನಲ್ಲಿ 20 ಸೆಕೆಂಡ್ ಕೈ ತೊಳೆಯಿರಿ. ಮೊಬೈಲು, ಬಾಗಿಲ ಚಿಲಕ, ನಲ್ಲಿಯಂಥ ಗಟ್ಟಿ ವಸ್ತುಗಳ ಮೇಲೆ ಈ ವೈರಸ್ ಒಂದೆರಡು ದಿನ ಉಳಿಯುತ್ತದೆ. ಅವನ್ನೂ ಒರೆಸಿ. ಜ್ವರದವರು ಕಿಟಕಿ ಇರುವ ಕೋಣೆಯಲ್ಲಿ ಮಲಗಲಿ, ಕಿಟಕಿ ತೆರೆದಿರಲಿ. ‘ಗಾಳಿ ಬಡಿಯುತ್ತೆ’ ಅಂತ ಮುಚ್ಚಿ ಕೂಡಿಹಾಕಬೇಡಿ. ಹೊದಿಕೆ ಹೊದ್ದುಕೊಂಡರೆ ಆಯಿತು. ಒಂದೇ ಕೋಣೆಯ ಮನೆ ಆದರೆ ಹಗಲೆಲ್ಲ ಜಗಲಿಯಲ್ಲಿ ಹಾಸಿಗೆ ಹಾಕಿ. ಮಗನ ಸೇವೆ ನೀವೇ ಮಾಡಬೇಕಾಗಿದ್ದರೆ ಮಾಸ್ಕ್ ಹಾಕಿಕೊಳ್ಳಿ. ಅವನನ್ನು ಎತ್ತಿಕೊಂಡಾಗ ಅವನ ಗಲ್ಲ ನಿಮ್ಮ ಭುಜದ ಮೇಲೆ ಬರುವ ಹಾಗೆ ಹಿಡಿದುಕೊಳ್ಳಿ. ಕೆಮ್ಮಿದರೆ ನೇರ ನಿಮ್ಮ ಮುಖಕ್ಕೆ ಬರುವುದಿಲ್ಲ. ಅತ್ತೆಯವರ ಪಕ್ಕದಲ್ಲಿ ಅವನನ್ನು ಒಂದು ವಾರ ಮಲಗಿಸಬೇಡಿ. ಇದು ಕಷ್ಟ ಅಂತ ಗೊತ್ತು, ಮೊಮ್ಮಗ ಅಜ್ಜಿಯನ್ನು ಬಿಡುವುದಿಲ್ಲ. ಆದರೂ ಮಾಡಿ.

ಕೆಮ್ಮು ಇರುವವರು ಹುಳುಮನೆಗೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹೊಡೆಯುವ ಕೆಲಸಕ್ಕೆ ಹೋಗಬಾರದು. ಫ್ಲೂ ಆದ ಮೇಲೆ ಉಸಿರಿನ ಕೊಳವೆಗಳ ಒಳಪದರ ಹುಣ್ಣಾದ ಹಾಗೆ ಇರುತ್ತದೆ. ಆ ಘಾಟು ಬಿದ್ದರೆ ಕೆಮ್ಮು ತಿಂಗಳಾದರೂ ಬಿಡುವುದಿಲ್ಲ. ನೀವಂತೂ ಹೆರಿಗೆ ಆಗುವ ತನಕ ಫಾರ್ಮಲಿನ್ ಹತ್ತಿರ ಸುಳಿಯಬೇಡಿ.

ಅತ್ತೆಯವರಿಗೆ ಬಂದರೆ ಏನು ಅಂತ ಈಗಲೇ ತಿಳಿದುಕೊಳ್ಳಿ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯಲ್ಲಿ 80 ದಾಟಿದ ಹಿರಿಯರೊಬ್ಬರು ಎಚ್3ಎನ್2 ಫ್ಲೂನಿಂದ ತೀರಿಕೊಂಡರು. ಅವರಿಗೂ ಸಕ್ಕರೆ ಕಾಯಿಲೆ ಇತ್ತು. ಜ್ವರ ಬಂದಾಗ ಊಟ ಕಡಿಮೆ ಮಾಡಿದರೂ ಸಕ್ಕರೆ ಏರುತ್ತದೆ. ಹಾಗಾಗಿ ‘ಊಟ ಮಾಡಿಲ್ಲ, ಇನ್ಸುಲಿನ್ ಬೇಡ’ ಅಂತ ನೀವಾಗಿ ನಿಲ್ಲಿಸಬೇಡಿ. ದಿನಕ್ಕೆ ಮೂರು ನಾಲ್ಕು ಸಲ ಬೆರಳು ಚುಚ್ಚಿ ನೋಡಿ, ಡಾಕ್ಟರಿಗೆ ಫೋನ್ ಮಾಡಿ ಕೇಳಿ. ವಾಂತಿ ಆಗುತ್ತಿದ್ದರೆ ಸಕ್ಕರೆ ಮಾತ್ರೆಗಳಲ್ಲಿ ಕೆಲವನ್ನು ಕೆಲವು ದಿನ ನಿಲ್ಲಿಸಬೇಕಾಗಬಹುದು. ಅದನ್ನೂ ಕೇಳಿಯೇ ಮಾಡಿ. ವಯಸ್ಸಾದವರಿಗೆ ಒಮ್ಮೊಮ್ಮೆ ಜ್ವರವೇ ಏರುವುದಿಲ್ಲ. ಇದ್ದಕ್ಕಿದ್ದಂತೆ ಮಂಕಾಗುತ್ತಾರೆ, ಏನೇನೋ ಮಾತಾಡುತ್ತಾರೆ, ಎದ್ದು ನಿಂತರೆ ತಲೆ ತಿರುಗುತ್ತದೆ. ಅದೇ ಲಕ್ಷಣ ಅಂತ ತಿಳಿಯಿರಿ. ಅವರಿಗೆ ಬಿಪಿಯೂ ಇದ್ದರೆ ಮೆಡಿಕಲ್ ಸ್ಟೋರಿನ ನೆಗಡಿ ಮಾತ್ರೆ ಬೇಡ, ಮೂಗು ಬಿಡಿಸುವ ಔಷಧ ಬಿಪಿ ಏರಿಸುತ್ತದೆ. ಆ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಕೂಡ ಸೇರಿರುತ್ತದೆ. ಅದರ ಜೊತೆ ಇನ್ನೊಂದು ಜ್ವರದ ಮಾತ್ರೆ ನುಂಗಿದರೆ ಲಿವರಿಗೆ ಹೊರೆ. ದೊಡ್ಡವರಿಗೆ 500 ಅಥವಾ 650ರ ಒಂದು ಮಾತ್ರೆ, 6 ಗಂಟೆಗೊಮ್ಮೆ, ಅಷ್ಟೇ. ನಿಮಗೂ ಇದೇ. ಬಸುರಿಯರಿಗೆ ಪ್ಯಾರಾಸಿಟಮಾಲ್ ಕೊಡಬಹುದು. ಜೋರು ಜ್ವರವನ್ನು ಹಾಗೇ ಬಿಡುವುದು ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ.

‘ಒಂದು ಬಾಟಲಿ ಗ್ಲೂಕೋಸ್ ಹಾಕಿಸಿದರೆ ಶಕ್ತಿ ಬರುತ್ತೆ’ ಅನ್ನುವವರು ನಿಮ್ಮ ಊರಲ್ಲೂ ಇರುತ್ತಾರೆ. ಅರ್ಧ ಲೀಟರಿನ 5 ಪರ್ಸೆಂಟ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಐದಾರು ಚಿಕ್ಕ ಚಮಚ. ಬಾಯಲ್ಲಿ ಕುಡಿಯಲು ಆಗುವವರಿಗೆ ಅದರ ಅಗತ್ಯ ಇಲ್ಲ. ಸಕ್ಕರೆ ಕಾಯಿಲೆ ಇರುವ ಅತ್ತೆಯವರಿಗಂತೂ ಖಂಡಿತ ಬೇಡ. ತೆಳ್ಳಗಿನ ರಾಗಿ ಗಂಜಿಗೆ ಉಪ್ಪು, ಮಜ್ಜಿಗೆ ಹಾಕಿ ಕೊಡಿ. ಮೆಣಸಿನ ಸಾರು, ಬೇಳೆ ಕಟ್ಟು, ಬಿಸಿನೀರು, ಯಾವುದು ಇಳಿಯುತ್ತದೋ ಅದು. ಜೀರಿಗೆ ಮೆಣಸಿನ ಕಷಾಯ ಗಂಟಲಿಗೆ ಹಿತ, ಕುಡಿಯಿರಿ. ಅದರಿಂದ ವೈರಸ್ ಸಾಯುತ್ತದೆ ಅಂತ ಮಾತ್ರ ನಂಬಿ ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡಬೇಡಿ. ಮೂತ್ರ ತಿಳಿಯಾಗಿ, ಆಗಾಗ ಹೋಗುತ್ತಿದ್ದರೆ ನೀರು ಸಾಕಾಗುತ್ತಿದೆ ಅಂತ ಅರ್ಥ. ಮಗನಿಗೆ ಪಾತ್ರೆ ಇಟ್ಟು ಹಬೆ ಕೊಡಬೇಡಿ. ಹಬೆ ಕೊಡುವಾಗ ಪಾತ್ರೆ ಮಗುಚಿ ಬಿದ್ದು ತೊಡೆ ಸುಟ್ಟುಕೊಂಡ ಮಕ್ಕಳನ್ನು ನೋಡಿದ್ದೇನೆ.

ಲಸಿಕೆ ಕೇಳಿದ್ದೀರಿ. ಹೌದು, ಇದೆ. ಬಸುರಿಯರು ಯಾವ ತಿಂಗಳಲ್ಲಾದರೂ ಹಾಕಿಸಿಕೊಳ್ಳಬಹುದು. ಅದರಲ್ಲಿ ಜೀವಂತ ವೈರಸ್ ಇರುವುದಿಲ್ಲ, ಹಾಗಾಗಿ ಲಸಿಕೆಯಿಂದ ಫ್ಲೂ ಬರುವುದಿಲ್ಲ. ಒಂದೆರಡು ದಿನ ತೋಳು ನೋವು, ಸ್ವಲ್ಪ ಮೈ ಬಿಸಿ, ಅಷ್ಟೇ. ಹುಟ್ಟಿದ ಮಗುವಿಗೆ 6 ತಿಂಗಳ ತನಕ ಫ್ಲೂ ಲಸಿಕೆ ಹಾಕುವ ಹಾಗಿಲ್ಲ. ನೀವು ಈಗ ಹಾಕಿಸಿಕೊಂಡರೆ ನಿಮ್ಮ ರಕ್ತದಲ್ಲಿ ಹುಟ್ಟುವ ರಕ್ಷಣೆ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೂ ಹೋಗುತ್ತದೆ, ಆ ಮೊದಲ ತಿಂಗಳುಗಳಲ್ಲಿ ಅದನ್ನು ಕಾಯುತ್ತದೆ. ಒಂದು ಸೂಜಿಯಲ್ಲಿ ಇಬ್ಬರಿಗೆ ಕಾವಲು. ಈ ಸೂಜಿಯನ್ನು ಹಾಕಿಸಿಕೊಳ್ಳಿ ಅಂತ ನಾನು ಕೈಮುಗಿದು ಹೇಳುತ್ತೇನೆ.

ಪ್ರತಿ ವರ್ಷ ಯಾಕೆ ಹಾಕಿಸಬೇಕು ಅಂದರೆ, ಈ ವೈರಸ್ ಮೇಲಿನ ಹೊದಿಕೆ ಬದಲಾಗುತ್ತಲೇ ಇರುತ್ತದೆ. ಹೋದ ವರ್ಷ ಗುರುತು ಹಿಡಿದ ಮೈಗೆ ಈ ವರ್ಷ ಗುರುತು ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರುವರಿಯಲ್ಲಿ ಮತ್ತು ಸೆಪ್ಟೆಂಬರಿನಲ್ಲಿ, ಮುಂದಿನ ಲಸಿಕೆಯಲ್ಲಿ ಯಾವ ತಳಿಗಳು ಇರಬೇಕು ಅಂತ ಹೇಳುತ್ತದೆ. ನಮ್ಮಲ್ಲಿ ಫ್ಲೂ ಮಳೆಗಾಲದಲ್ಲಿ ಒಮ್ಮೆ, ಜನವರಿಯಿಂದ ಮಾರ್ಚ್ ನಡುವೆ ಇನ್ನೊಮ್ಮೆ ಏರುತ್ತದೆ. ಹಾಗಾಗಿ ಮುಂಗಾರಿಗೆ ಮುಂಚೆ, ಏಪ್ರಿಲ್ ಮೇ ಹೊತ್ತಿಗೆ ಹಾಕಿಸುವುದು ಒಳ್ಳೆಯದು. ಈಗ ತಡವಾಯಿತು ಅಂತ ಬಿಡಬೇಡಿ, ಮುಂದೆ ಚಳಿಗಾಲದ ಸರದಿ ಇದೆ. ರಕ್ಷಣೆ ಹುಟ್ಟಲು ಸುಮಾರು ಎರಡು ವಾರ ಬೇಕು. ಪೂರ್ತಿ ತಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ತಳಿ ಚೆನ್ನಾಗಿ ಹೊಂದಿದ ವರ್ಷಗಳಲ್ಲಿ ಡಾಕ್ಟರ ಹತ್ತಿರ ಹೋಗುವಂಥ ಫ್ಲೂವನ್ನು 40ರಿಂದ 60 ಪರ್ಸೆಂಟ್ ಕಡಿಮೆ ಮಾಡುತ್ತದೆ. ಲಸಿಕೆ ಹಾಕಿಸಿಯೂ ಬಂದರೆ ಆಸ್ಪತ್ರೆ ಸೇರುವಷ್ಟು ಜೋರಾಗುವುದು ಕಡಿಮೆ.

ಮಕ್ಕಳಿಗೆ ಸರ್ಕಾರ ಉಚಿತವಾಗಿ ಹಾಕುವ ಲಸಿಕೆಗಳ ಪಟ್ಟಿಯಲ್ಲಿ ಇದು ಇಲ್ಲ. ಹೊರಗೆ ಒಂದು ಡೋಸಿಗೆ ಸಾವಿರ ರೂಪಾಯಿ ದಾಟುತ್ತದೆ. ಎಲ್ಲರಿಗೂ ಒಂದೇ ಸಲ ಆಗದಿದ್ದರೆ ನನ್ನ ಲೆಕ್ಕದಲ್ಲಿ ಮೊದಲು ನೀವು, ಆಮೇಲೆ ಅತ್ತೆಯವರು, ಆಮೇಲೆ ಮಗ. ಅತ್ತೆಯವರಿಗೆ ನ್ಯುಮೋನಿಯಾ ಲಸಿಕೆಯ ಬಗ್ಗೆಯೂ ಅದೇ ದಿನ ಕೇಳಿ. ಮಗನಿಗೆ ಜ್ವರ ಬಿಟ್ಟ ಮೇಲೆ ಹಾಕಿಸಿ. 9 ವರ್ಷದೊಳಗಿನವರಿಗೆ ಮೊದಲ ವರ್ಷ ಎರಡು ಡೋಸ್ ಬೇಕು, ನಡುವೆ ನಾಲ್ಕು ವಾರ. ಮುಂದಿನ ವರ್ಷದಿಂದ ಒಂದೇ ಸಾಕು. ಪೆಟ್ಟಿಗೆಯ ಮೇಲೆ ಯಾವ ವರ್ಷದ ಲಸಿಕೆ ಅಂತ ಬರೆದಿರುತ್ತದೆ, ನೋಡಿ. ಮೆಡಿಕಲ್ ಸ್ಟೋರಿನಿಂದ ನೀವೇ ತಂದುಕೊಡುವುದಾದರೆ ಐಸ್ ಇಟ್ಟ ಡಬ್ಬಿಯಲ್ಲಿ ತನ್ನಿ, ಐಸಿಗೆ ನೇರ ತಾಗದ ಹಾಗೆ. ಇದು 2ರಿಂದ 8 ಡಿಗ್ರಿಯಲ್ಲಿ ಇರಬೇಕಾದದ್ದು. ಬಸ್ಸಿನಲ್ಲಿ ಬರೀ ಕೈಚೀಲದಲ್ಲಿ ತಂದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ.

ನಿಮ್ಮ ಬೆಳೆ ಈಗ ಹಣ್ಣಾಗಿ, ಹುಳು ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟಿರುತ್ತೀರಿ ಅಂದುಕೊಳ್ಳುತ್ತೇನೆ. ಇನ್ನು ಕೆಲವು ದಿನಕ್ಕೆ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಡುತ್ತೀರಿ. ಯಜಮಾನರು ಮಾತ್ರೆ ಇಲ್ಲದೆಯೇ ಜ್ವರ ಬಿಟ್ಟು 24 ಗಂಟೆ ಆಗಿದ್ದರೆ ಹೋಗಲಿ, ಆ ಜನಜಂಗುಳಿಯಲ್ಲಿ ಮಾಸ್ಕ್ ಹಾಕಿಕೊಳ್ಳಲಿ. ಮುಂದಿನ ಚಾಕಿ ಹುಳು, ಅಂದರೆ ಎಳೆಯ ಹುಳು, ತರುವ ಮುಂಚೆ ಹುಳುಮನೆ ತೊಳೆದು, ಸುಣ್ಣ ಹೊಡೆದು, ಒಣಗಲು ಬಿಡುವ ಒಂದು ವಾರ ಇರುತ್ತದಲ್ಲ, ಕೈ ಸ್ವಲ್ಪ ಬಿಡುವಾಗಿರುತ್ತದೆ, ಗೂಡಿನ ದುಡ್ಡೂ ಬಂದಿರುತ್ತದೆ. ಆ ವಾರದಲ್ಲೇ ನೀವೂ ಅತ್ತೆಯವರೂ ಹೋಗಿ ಲಸಿಕೆ ಹಾಕಿಸಿಕೊಂಡು ಬನ್ನಿ. ಮಗನ ಮೊದಲ ಡೋಸ್ ಆದ ದಿನವೇ ಎರಡನೆಯದರ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಆ ಹೊತ್ತಿಗೆ ನಿಮ್ಮ ಮುಂದಿನ ಬೆಳೆ ನಾಲ್ಕನೇ ಜ್ವರದ ಹತ್ತಿರ ಇರಬಹುದು, ಮರೆತುಹೋಗುವುದು ಸುಲಭ.